ರಕ್ತದ ರಿಪೋರ್ಟಿಗಿಂತ ಮೊದಲು ಉಸಿರಿನ ಲೆಕ್ಕ: ಕಲಬುರಗಿ ಭಾಗದಲ್ಲಿ ಶ್ವಾಸಕೋಶದ ಕಾಯಿಲೆ ಓದುವ ಬಗೆ

(ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ತಾಲೂಕು ಆಸ್ಪತ್ರೆ ವೈದ್ಯರು, ಲ್ಯಾಬ್ ಟೆಕ್ನಿಷಿಯನ್‌ಗಳು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು.

ಕೆಮ್ಮು, ದಮ್ಮು ಅಂತ ಬಂದವರ ಕೈಯಲ್ಲಿ ಈಗ ಒಂದು ರಕ್ತದ ರಿಪೋರ್ಟು ಇದ್ದೇ ಇರುತ್ತದೆ. ಇಯೊಸಿನೊಫಿಲ್ (ಅಲರ್ಜಿ, ಹುಳ ಇದ್ದಾಗ ಏರುವ ಬಿಳಿ ರಕ್ತಕಣ) 640, ಸಿಆರ್‌ಪಿ (ಉರಿಯೂತದ ಸೂಚಕ) ಪಾಸಿಟಿವ್, ಇಎಸ್‌ಆರ್ (ಕೊಳವೆಯಲ್ಲಿ ರಕ್ತಕಣ ಕೆಳಗೆ ಕೂರುವ ವೇಗ) 70, ಐಜಿಇ (ಅಲರ್ಜಿಯ ಪ್ರತಿಕಾಯ) 2,100. ಈ ನಾಲ್ಕು ಸಂಖ್ಯೆ ಇಟ್ಟುಕೊಂಡು ಅಸ್ತಮಾ ಅನ್ನಬಹುದು, ಜಂತುಹುಳ ಅನ್ನಬಹುದು, ಆನೆಕಾಲು ರೋಗದ ಹುಳ ಅನ್ನಬಹುದು, ಹಳೇ ಟಿಬಿ ಗಾಯದಲ್ಲಿ ಬೆಳೆದ ಬೂಷ್ಟು ಅಂತಲೂ ಅನ್ನಬಹುದು. ಇದರಲ್ಲಿ ಯಾವುದು ಎಂದು ರಿಪೋರ್ಟು ಒಂದೇ ಹೇಳಲಾರದು. ಆ ಮನುಷ್ಯ ಇಷ್ಟು ವರ್ಷ ಏನನ್ನು ಉಸಿರಾಡುತ್ತಾ ಬಂದಿದ್ದಾನೆ ಎಂದು ಕೇಳಿ ಬರೆದುಕೊಂಡ ಮೇಲೆಯೇ ಆ ಸಂಖ್ಯೆಗಳಿಗೆ ಅರ್ಥ ಬರುತ್ತದೆ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ನಮ್ಮ ಗಾಳಿ. ದೇಶದ ಸ್ವಚ್ಛ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಮಟ್ಟ ಮೀರಿದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ಕಲಬುರಗಿಯೂ ಇತ್ತು. ಸೂಕ್ಷ್ಮ ಧೂಳು, ಅಂದರೆ ಪಿಎಂ 2.5, ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ ದಾಟಬಾರದು ಎನ್ನುವುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಕಟ್ಟಿಗೆ ಒಲೆ ಉರಿಯುವ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅದೇ ಅಳತೆ ನೂರಾರಕ್ಕೆ ಹೋಗುತ್ತದೆ. ಹಾಗಾಗಿ ಊರಿನ ಗಾಳಿಯ ಸರಾಸರಿ ನೋಡಿದರೆ ಸಾಲದು, ಒಬ್ಬೊಬ್ಬರ ಉಸಿರಿನ ಲೆಕ್ಕ ಬೇರೆಬೇರೆ ತೆಗೆಯಬೇಕು.

ಕೇಳಬೇಕಾದ್ದು ಹೀಗೆ

ಹೆಣ್ಣುಮಕ್ಕಳನ್ನು "ಮನ್ಯಾಗ ಗ್ಯಾಸ್ ಐತೇನು?" ಎಂದು ಕೇಳಿದರೆ ಹೆಚ್ಚಿನವರು ಐತಿ ಅನ್ನುತ್ತಾರೆ. ಸಿಲಿಂಡರ್ ಇರುತ್ತದೆ, ಚಹಾ ಅದರ ಮೇಲಾಗುತ್ತದೆ. ಜೋಳದ ರೊಟ್ಟಿ ಮತ್ತು ಸ್ನಾನದ ನೀರು ಮಾತ್ರ ಕಟ್ಟಿಗೆ ಒಲೆಯ ಮೇಲೆಯೇ. ಆದ್ದರಿಂದ ಪ್ರಶ್ನೆ ಬದಲಿಸಿ: "ರೊಟ್ಟಿ ಯಾವುದರ ಮ್ಯಾಲೆ ಮಾಡ್ತೀರಿ, ಯಕ್ಕಾ? ನೀರು ಎಲ್ಲಿ ಕಾಸ್ತೀರಿ? ಏನು ಸುಡ್ತೀರಿ, ತೊಗರಿ ಕಟಗಿನೋ, ಹತ್ತಿ ಕಟಗಿನೋ, ಕುಳ್ಳೋ? ದಿನಾ ಎಷ್ಟು ತಾಸು ಒಲಿ ಮುಂದ ಕೂಡ್ತೀರಿ, ಎಷ್ಟು ವರ್ಷ ಆತು?" ತಾಸನ್ನು ವರ್ಷದಿಂದ ಗುಣಿಸಿ. ದಿನಕ್ಕೆ 3 ತಾಸು, 25 ವರ್ಷ ಅಂದರೆ 75. ಮೈಸೂರು ಭಾಗದ ಹಳ್ಳಿಗಳ ಮಹಿಳೆಯರಲ್ಲಿ ಮಾಡಿದ ಅಧ್ಯಯನದಲ್ಲಿ ಈ ಸೂಚ್ಯಂಕ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಹೆಚ್ಚು ಎಂದು ಕಂಡಿತ್ತು. ನಲವತ್ತರ ಹೆಣ್ಣುಮಗಳು ಎಂದೂ ಬೀಡಿ ಮುಟ್ಟದಿದ್ದರೂ ಸಿಒಪಿಡಿ (ಉಸಿರುನಾಳ ಕಿರಿದಾಗಿ ದಮ್ಮು ಕಾಡುವ ದೀರ್ಘಕಾಲದ ಕಾಯಿಲೆ) ರೋಗಿಯಾಗಬಹುದು ಎಂಬುದು ಈ ಒಂದು ಗುಣಾಕಾರದಿಂದ ಹೊರಬೀಳುತ್ತದೆ.

ಗಂಡಸರಿಗೆ ಬೀಡಿ-ಸಿಗರೇಟಿನ ಲೆಕ್ಕದ ಜೊತೆ ಕೆಲಸದ ಲೆಕ್ಕ. ಶಹಾಬಾದ್, ಚಿತ್ತಾಪುರ ಕಡೆ ಫರ್ಶಿ ಕಲ್ಲಿನ ಖಣಿ ಮತ್ತು ಪಾಲಿಶ್ ಮಷೀನು. ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟು. ಯಾದಗಿರಿ, ಶಹಾಪುರ, ಸುರಪುರ ಕಡೆ ಹತ್ತಿ ಜಿನ್ನಿಂಗ್ ಮತ್ತು ಗ್ರಾನೈಟ್ ಗುಡ್ಡ. ಕಲಬುರಗಿ ನಗರದಲ್ಲಿ ದಾಲ್ ಮಿಲ್ಲು. ಎಲ್ಲ ಕಡೆ ತೊಗರಿ ರಾಶಿ. ಇಷ್ಟಕ್ಕೇ ನಿಲ್ಲಿಸಬೇಡಿ. "ಗುಳೆ ಹೋದಾಗ ಏನು ಕೆಲಸ ಮಾಡ್ತೀರಿ?" ಎಂದು ಕೇಳಲೇಬೇಕು. ಊರಲ್ಲಿ ರೈತ ಎಂದು ಬರೆಸಿಕೊಂಡವನು ವರ್ಷದ ಆರು ತಿಂಗಳು ಪುಣೆ, ಮುಂಬೈ, ಹೈದರಾಬಾದಿನಲ್ಲಿ ಕಟರ್ ಹಿಡಿದು ಟೈಲ್ಸ್, ಗ್ರಾನೈಟ್ ಕೊಯ್ಯುತ್ತಿರುತ್ತಾನೆ. ಅವನ ಎದೆಯಲ್ಲಿರುವ ಧೂಳು ಹೊಲದ್ದಲ್ಲ.

ಜಿನ್ನಿಂಗ್ ಕೆಲಸಗಾರರಿಗೆ ಇನ್ನೊಂದು ಪ್ರಶ್ನೆ: ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನವೇ ಎದೆ ಬಿಗಿಯುತ್ತದೆಯೇ, ವಾರ ಕಳೆದಂತೆ ಕಡಿಮೆಯಾಗುತ್ತದೆಯೇ? ಹೌದು ಎಂದರೆ ಹತ್ತಿ ಧೂಳಿನ ಬಿಸಿನೋಸಿಸ್ ಇರಬಹುದು. ಇದನ್ನು ಹಿಡಿಯುವ ರಕ್ತ ತಪಾಸಣೆ ಇಲ್ಲ. ಕೆಲಸಕ್ಕೆ ಮುಂಚೆ ಮತ್ತು ಪಾಳಿ ಮುಗಿದ ಮೇಲೆ ಊದುವ ತಪಾಸಣೆ ಮಾಡಿ ವ್ಯತ್ಯಾಸ ನೋಡಬೇಕು.

ಹಾಗೆಯೇ ಸಿಒಪಿಡಿಯನ್ನು ಯಾವ ರಕ್ತ ತಪಾಸಣೆಯೂ ಪತ್ತೆ ಮಾಡುವುದಿಲ್ಲ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಸ್ಪೇಸರ್ ಮೂಲಕ ಕೊಟ್ಟು, 15 ನಿಮಿಷ ಕಾಯ್ದು ಸ್ಪೈರೋಮೆಟ್ರಿ, ಅಂದರೆ ಊದುವ ತಪಾಸಣೆ, ಮಾಡಿದಾಗ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಒಟ್ಟು ಊದಿದ ಗಾಳಿಯ 0.70ಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಿಒಪಿಡಿ ಎನ್ನಬಹುದು. ಆ ಮೇಲಷ್ಟೇ ರಕ್ತದ ಮಾತು.

ಇಯೊಸಿನೊಫಿಲ್: ಎಣಿಸುವಲ್ಲಿಯೇ ಎಡವಟ್ಟು

ಸಿಒಪಿಡಿಯಲ್ಲಿ ಇವತ್ತು ಚಿಕಿತ್ಸೆಯನ್ನು ನಿಜವಾಗಿ ಬದಲಿಸುವ ರಕ್ತದ ಸೂಚಕ ಎಂದರೆ ಇಯೊಸಿನೊಫಿಲ್ ಎಣಿಕೆ. ಪದೇಪದೇ ಕಾಯಿಲೆ ಕೆರಳುವವರಿಗೆ ಪಫ್‌ನಲ್ಲಿ ಸ್ಟೀರಾಯ್ಡ್ ಸೇರಿಸಬೇಕೋ ಬೇಡವೋ ಎಂಬುದು ಇದರ ಮೇಲೆ ನಿಂತಿದೆ. ಸಿಒಪಿಡಿ ಕುರಿತ ಅಂತರರಾಷ್ಟ್ರೀಯ ಗೋಲ್ಡ್ ಮಾರ್ಗಸೂಚಿ ಪ್ರಕಾರ ಒಂದು ಮೈಕ್ರೋಲೀಟರ್ ರಕ್ತದಲ್ಲಿ 300 ಅಥವಾ ಹೆಚ್ಚಿದ್ದರೆ ಸ್ಟೀರಾಯ್ಡ್ ಪಫ್‌ನಿಂದ ಲಾಭ ಹೆಚ್ಚು. 100ರಿಂದ 300 ಇದ್ದರೆ ಯೋಚಿಸಿ ಕೊಡಬಹುದು. 100ಕ್ಕಿಂತ ಕಡಿಮೆ ಇದ್ದರೆ ಲಾಭ ಕಡಿಮೆ, ನ್ಯುಮೋನಿಯಾದ ಅಪಾಯ ಹೆಚ್ಚು. ಟಿಬಿ ಇಷ್ಟು ಇರುವ ನಮ್ಮ ಭಾಗದಲ್ಲಿ ಬೇಡದವರಿಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಎಳೆಸುವುದು ಸಣ್ಣ ವಿಷಯವಲ್ಲ.

ಈಗ ಎಣಿಕೆ ಹೇಗೆ ಬರುತ್ತದೆ ನೋಡಿ. ಬಹಳಷ್ಟು ಸಣ್ಣ ಲ್ಯಾಬುಗಳಲ್ಲಿರುವ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ಮಷೀನು ಮೂರು ಭಾಗದ್ದು. ಅದು ಬಿಳಿ ರಕ್ತಕಣಗಳನ್ನು ಗಾತ್ರ ನೋಡಿ ಮೂರು ಗುಂಪು ಮಾಡುತ್ತದೆ. ಇಯೊಸಿನೊಫಿಲ್‌ಗೆ ಬೇರೆ ಲೆಕ್ಕ ಕೊಡುವುದಿಲ್ಲ, ಮಾನೊಸೈಟ್ ಜೊತೆ ಮಧ್ಯದ ಗುಂಪಿಗೆ ತುಂಬುತ್ತದೆ. ಆಗ ಟೆಕ್ನಿಷಿಯನ್ ಗಾಜಿನ ಪಟ್ಟಿಯ ಮೇಲೆ ರಕ್ತ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ 100 ಕಣ ಎಣಿಸಿ ಶೇಕಡಾ ಬರೆಯುತ್ತಾರೆ. ನೂರರಲ್ಲಿ 4 ಇಯೊಸಿನೊಫಿಲ್ ಸಿಕ್ಕವು ಅನ್ನೋಣ. ಒಟ್ಟು ಬಿಳಿ ಕಣ 8,000 ಇದ್ದರೆ 320 ಎಂದು ಲೆಕ್ಕ ಬರುತ್ತದೆ, ಸ್ಟೀರಾಯ್ಡ್ ಕೊಡಬಹುದು ಅನಿಸುತ್ತದೆ. ಆದರೆ ಬರೀ 100 ಕಣ ಎಣಿಸಿದಾಗ 4 ಸಿಕ್ಕರೆ ನಿಜವಾದ ಪ್ರಮಾಣ ಶೇ 1ರಿಂದ ಶೇ 10ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಅಂದರೆ 80ರಿಂದ 800. ಗೋಲ್ಡ್ ಹೇಳಿದ ಮೂರೂ ಗುಂಪು ಆ ಒಂದೇ ಪಟ್ಟಿಯೊಳಗೆ ಬಂದುಬಿಟ್ಟವು. ಟೆಕ್ನಿಷಿಯನ್‌ರ ಕೈತಪ್ಪು ಇದರಲ್ಲಿ ಏನೂ ಇಲ್ಲ, ಅಷ್ಟು ಕಡಿಮೆ ಕಣ ಎಣಿಸಿದರೆ ಲೆಕ್ಕವೇ ಹಾಗೆ ಅಲುಗಾಡುತ್ತದೆ. ಐದು ಭಾಗದ ಮಷೀನು ಸಾವಿರಾರು ಕಣ ಎಣಿಸುತ್ತದೆ, ಅದರಲ್ಲೇ ಮಾಡಿಸಿ. ಅದು ಇಲ್ಲದ ಕಡೆ ಡಂಗರ್ ದ್ರಾವಣ ಹಾಕಿ ಕೌಂಟಿಂಗ್ ಚೇಂಬರಿನಲ್ಲಿ ನೇರ ಎಣಿಕೆ ಮಾಡಿಸಿ. ಚೀಟಿಯಲ್ಲಿ 'ಎಇಸಿ, ನೇರ ಎಣಿಕೆ' (ಎಇಸಿ ಎಂದರೆ ಇಯೊಸಿನೊಫಿಲ್‌ಗಳ ಒಟ್ಟು ಎಣಿಕೆ) ಎಂದು ಬರೆದು ಕಳಿಸಿದರೆ ಲ್ಯಾಬಿನವರಿಗೂ ಸ್ಪಷ್ಟವಾಗುತ್ತದೆ.

ರಕ್ತ ತೆಗೆಯುವಾಗ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬನ್ನು ಗುರುತಿನವರೆಗೆ ತುಂಬಿ, ಮೆಲ್ಲಗೆ 8ರಿಂದ 10 ಸಲ ತಲೆಕೆಳಗು ಮಾಡಿ. ಜೋರಾಗಿ ಅಲುಗಾಡಿಸಿದರೆ ಕಣ ಒಡೆಯುತ್ತವೆ, ಅಲುಗಾಡಿಸದೇ ಬಿಟ್ಟರೆ ಹೆಪ್ಪುಗಟ್ಟುತ್ತದೆ. ತೆಗೆದ ಹೊತ್ತು ಬರೆಯಿರಿ. ಇಯೊಸಿನೊಫಿಲ್ ಒಂದೇ ದಿನದಲ್ಲಿ ಏರಿಳಿಯುತ್ತದೆ, ಬೆಳಗಿನ ಹೊತ್ತು ಕಡಿಮೆ, ರಾತ್ರಿ ಹೆಚ್ಚು. ಎರಡು ಎಣಿಕೆ ಹೋಲಿಸುವುದಾದರೆ ಎರಡೂ ಸಲ ಒಂದೇ ಹೊತ್ತಿಗೆ ತೆಗೆಯಿರಿ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್. ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಒಳಗೆ ಹೋದ ಕೆಲವೇ ತಾಸಿನಲ್ಲಿ ಇಯೊಸಿನೊಫಿಲ್ ಸೊನ್ನೆಯ ಹತ್ತಿರ ಇಳಿಯುತ್ತದೆ. ದಮ್ಮು ಹೆಚ್ಚಾದಾಗ ಊರಲ್ಲೇ ಒಂದು ಸೂಜಿ ಮಾಡಿಸಿಕೊಂಡು ಮರುದಿನ ದೊಡ್ಡಾಸ್ಪತ್ರೆಗೆ ಬರುವುದು ನಮ್ಮಲ್ಲಿ ರೂಢಿ. ಆ ದಿನ ತೆಗೆದ ಎಣಿಕೆ 20 ಬಂದರೆ ಅದಕ್ಕೆ ಬೆಲೆ ಇಲ್ಲ. "ಎರಡು ವಾರದಾಗ ಸೂಜಿ, ಬಿಳಿ ಸಣ್ಣ ಗುಳಿಗಿ ಏನಾರ ತಗೊಂಡೀರೇನು?" ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆಯೇ ಬರೆಯಿರಿ.

ಇನ್ನು ಎಣಿಕೆ ಹೆಚ್ಚಿದ್ದರೆ? ಗೋಲ್ಡ್‌ನ 300ರ ಗೆರೆ ಬಂದಿದ್ದು ಬಹುಮಟ್ಟಿಗೆ ಜಂತುಹುಳ ಅಪರೂಪವಾಗಿರುವ ದೇಶಗಳ ರೋಗಿಗಳಿಂದ. ಬರಿಗಾಲಲ್ಲಿ ಹೊಲ ಮಾಡುವವರಲ್ಲಿ ಕೊಕ್ಕೆಹುಳ ಒಂದೇ ಸಾಕು ಎಣಿಕೆಯನ್ನು 500ಕ್ಕೆ ಏರಿಸಲು. ಹಾಗಾಗಿ ಸ್ಥಿರವಾಗಿರುವ ಸಿಒಪಿಡಿ ರೋಗಿಗೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಕೊಟ್ಟು, ನಾಲ್ಕು ವಾರದ ನಂತರ ಮತ್ತೆ ಎಣಿಸಿ ನಿರ್ಧರಿಸುವುದು ನಮ್ಮ ಕಡೆಗೆ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ಒಂದು ಎಚ್ಚರ: ಸ್ಟ್ರಾಂಗಿಲಾಯ್ಡಿಸ್ ಎಂಬ ಹುಳ ದೇಹದಲ್ಲಿದ್ದಾಗ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಅದು ಮೈಯೆಲ್ಲ ಹಬ್ಬಿ ಪ್ರಾಣಕ್ಕೆ ಬರಬಹುದು. ಅದಕ್ಕೆ ಒಂದು ಡೋಸ್ ಅಲ್ಬೆಂಡಜೋಲ್ ಸಾಲದು, ಐವರ್ಮೆಕ್ಟಿನ್ ಬೇಕು.

ಎಣಿಕೆ 3,000 ದಾಟಿದರೆ

ಆಗ ಯೋಚನೆ ಬೇರೆ ಕಡೆ ತಿರುಗಬೇಕು. ಬೀದರ್, ಕಲಬುರಗಿ, ಯಾದಗಿರಿ ಮೂರೂ ಫೈಲೇರಿಯಾ (ಆನೆಕಾಲು ರೋಗ) ಇರುವ ಜಿಲ್ಲೆಗಳು. ಹುಳದ ಮಾತ್ರೆಗಳಾದ ಡಿಇಸಿ, ಅಲ್ಬೆಂಡಜೋಲ್, ಐವರ್ಮೆಕ್ಟಿನ್ ಮೂರನ್ನೂ ಸೇರಿಸಿ ಊರಿಗೆಲ್ಲ ನುಂಗಿಸುವ ಕಾರ್ಯಕ್ರಮವನ್ನು ದೇಶದಲ್ಲಿ ಮೊದಲು ಶುರುಮಾಡಿದ ಬೆರಳೆಣಿಕೆಯ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಆನೆಕಾಲು ಎಂದರೆ ಬಾತ ಕಾಲು ಮಾತ್ರ ನಮ್ಮ ಕಣ್ಣಿಗೆ ಬರುತ್ತದೆ. ಅದೇ ಹುಳದ ಮರಿಗಳ ವಿರುದ್ಧ ಶ್ವಾಸಕೋಶ ಕೆರಳಿದರೆ ಟ್ರಾಪಿಕಲ್ ಪಲ್ಮನರಿ ಇಯೊಸಿನೊಫಿಲಿಯಾ ಆಗುತ್ತದೆ: ರಾತ್ರಿ ಹೆಚ್ಚಾಗುವ ಒಣ ಕೆಮ್ಮು, ಸಿಳ್ಳೆ ಸದ್ದು, ಸಣ್ಣ ಜ್ವರ, ತೂಕ ಇಳಿಯುವುದು. ಕಾಲು ಚೆನ್ನಾಗಿಯೇ ಇರುತ್ತದೆ. ಎಕ್ಸ್‌ರೇಯಲ್ಲಿ ಸಣ್ಣ ಚುಕ್ಕೆಗಳು ಕಂಡು ಮಿಲಿಯರಿ ಟಿಬಿ ಎಂದು ತಿಳಿದು ಆರು ತಿಂಗಳ ಮಾತ್ರೆ ಶುರುವಾಗುವುದೂ ಉಂಟು.

ಇಲ್ಲಿ ರಕ್ತದ ಸಂಖ್ಯೆ ಬಹಳ ಉಪಕಾರಿ: ಎಇಸಿ 3,000ಕ್ಕಿಂತ ಮೇಲೆ, ಐಜಿಇ 1,000ಕ್ಕಿಂತ ಮೇಲೆ. ಆದರೆ ಆನೆಕಾಲು ಹುಳ ಹುಡುಕಲು ರಾತ್ರಿ ತೆಗೆಯುವ ರಕ್ತದ ಲೇಪನದಲ್ಲಿ ಹುಳದ ಮರಿ ಸಿಗುವುದಿಲ್ಲ, ಯಾಕೆಂದರೆ ದೇಹ ಅವನ್ನು ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತಿರುತ್ತದೆ. ರಾತ್ರಿ ಲೇಪನ ನೆಗೆಟಿವ್ ಬಂತು ಎಂದು ಈ ಕಾಯಿಲೆಯನ್ನು ಕೈಬಿಡಬೇಡಿ. ಚಿಕಿತ್ಸೆ ಡಿಇಸಿ, ದಿನಕ್ಕೆ ಕಿಲೋಗೆ 6 ಮಿ.ಗ್ರಾಂ, 21 ದಿನ. 50 ಕಿಲೋದವರಿಗೆ 100 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರು ಸಲ. ಗರ್ಭಿಣಿಯರಿಗೆ ಕೊಡಬಾರದು. ಕೆಮ್ಮು ಬೇಗನೆ ಇಳಿಯುತ್ತದೆ, ಎಣಿಕೆಯೂ ಇಳಿಯುತ್ತದೆ. ಇಳಿಯದಿದ್ದರೆ ರೋಗ ಬೇರೆ ಎಂದು ತಿಳಿಯಿರಿ. ಕೆಲವರಲ್ಲಿ ಮುಂದೆ ಮರುಕಳಿಸುತ್ತದೆ, ಆದ್ದರಿಂದ ಚಿಕಿತ್ಸೆ ಮುಗಿದ ಮೇಲೂ ಕೆಲವು ತಿಂಗಳಿಗೊಮ್ಮೆ ಎಣಿಸಿ ನೋಡಿ.

ಸಿಆರ್‌ಪಿ ಮತ್ತು ಇಎಸ್‌ಆರ್

ಸಿಆರ್‌ಪಿ ಉರಿಯೂತದ ಸೂಚಕ. ಸೋಂಕು ಹತ್ತಿದ 6ರಿಂದ 8 ತಾಸಿಗೆ ಏರಲು ಶುರುವಾಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟಿ, ಕಾರಣ ಹೋದಮೇಲೆ ಸುಮಾರು 19 ತಾಸಿಗೆ ಅರ್ಧದಷ್ಟು ಇಳಿಯುತ್ತದೆ. ಸಿಒಪಿಡಿ ಕೆರಳಿದಾಗ ಆಂಟಿಬಯೋಟಿಕ್ ಬೇಕೇ ಎಂದು ತೀರ್ಮಾನಿಸಲು ಬ್ರಿಟನ್ನಿನಲ್ಲಿ ಮಾಡಿದ, 2019ರಲ್ಲಿ ಪ್ರಕಟವಾದ ಪೇಸ್ ಎಂಬ ಪ್ರಯೋಗ ಇದನ್ನೇ ಬಳಸಿತು. ಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆ ಇದ್ದರೆ ಆಂಟಿಬಯೋಟಿಕ್‌ನಿಂದ ಲಾಭ ಆಗಲಾರದು. 20ರಿಂದ 40 ಇದ್ದು ಕಫ ಹಳದಿ-ಹಸಿರು ಆಗಿದ್ದರೆ ಆಗಬಹುದು. 40 ದಾಟಿದರೆ ಲಾಭದ ಸಂಭವ ಹೆಚ್ಚು. ಹೀಗೆ ಮಾಡಿದಾಗ ಆಂಟಿಬಯೋಟಿಕ್ ಬಳಕೆ ಗಣನೀಯವಾಗಿ ಇಳಿಯಿತು, ರೋಗಿಗಳಿಗೆ ಕೆಡುಕಾಗಲಿಲ್ಲ.

ನಮ್ಮಲ್ಲಿ ಇದನ್ನು ಬಳಸುವಾಗ ಎರಡು ಕಡೆ ಜಾರುತ್ತದೆ. ಒಂದು, ಅಳತೆಯ ಘಟಕ. ಕೆಲವು ಲ್ಯಾಬು ಲೀಟರಿಗೆ ಮಿ.ಗ್ರಾಂ ಬರೆಯುತ್ತವೆ, ಕೆಲವು ಡೆಸಿಲೀಟರಿಗೆ. ಡೆಸಿಲೀಟರಿಗೆ 4.5 ಎಂದರೆ ಲೀಟರಿಗೆ 45, ಬರೀ 4.5 ಎಂದು ಓದಿ ನಾರ್ಮಲ್ ಅಂದುಬಿಟ್ಟರೆ ನ್ಯುಮೋನಿಯಾ ಮನೆಗೆ ಹೋಗುತ್ತದೆ. ಇನ್ನೊಂದು, ಲೇಟೆಕ್ಸ್ ಸ್ಲೈಡಿನ ತಪಾಸಣೆ. ಅದು ಲೀಟರಿಗೆ 6 ಮಿ.ಗ್ರಾಂ ದಾಟಿದರೆ ಗಂಟುಗಟ್ಟಿ ಪಾಸಿಟಿವ್ ತೋರಿಸುತ್ತದೆ, ಅಷ್ಟೇ. 8 ಇದ್ದರೂ ಪಾಸಿಟಿವ್, 180 ಇದ್ದರೂ ಪಾಸಿಟಿವ್. ಸಂಖ್ಯೆ ಕೊಡುವ ಮಷೀನು ಇಲ್ಲದಿದ್ದರೆ ಸೀರಮ್ಮನ್ನು ಸಲೈನ್ ಹಾಕಿ ತೆಳುಮಾಡುತ್ತಾ ಹೋಗಿ ಎಂದು ಹೇಳಿ: ಎರಡು ಪಟ್ಟು ತೆಳುಮಾಡಿದಾಗಲೂ ಗಂಟುಗಟ್ಟಿದರೆ ಸುಮಾರು 12, ನಾಲ್ಕು ಪಟ್ಟಿಗೆ 24, ಎಂಟು ಪಟ್ಟಿಗೆ 48. ಒರಟು ಲೆಕ್ಕ, ಆದರೂ 20 ಮತ್ತು 40ರ ಗೆರೆ ನೋಡಲು ಸಾಕು. ಸಿಆರ್‌ಪಿ ವಿಪರೀತ ಹೆಚ್ಚಿದ್ದಾಗ ತೆಳುಮಾಡದ ಸೀರಮ್ ಸುಳ್ಳು ನೆಗೆಟಿವ್ ತೋರಿಸುವುದನ್ನೂ ಈ ತೆಳುಮಾಡುವಿಕೆ ಹಿಡಿಯುತ್ತದೆ.

ಪ್ರೊಕ್ಯಾಲ್ಸಿಟೋನಿನ್ ಎಂಬ ಸೋಂಕಿನ ರಕ್ತ ಸೂಚಕ ದುಬಾರಿ, ತೀವ್ರ ನಿಗಾ ಘಟಕದಲ್ಲಿ ಅದಕ್ಕೆ ಜಾಗ ಇದೆ. ಹೊರರೋಗಿಗಳಿಗೆ ಬರೆಯಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ.

ಇಎಸ್‌ಆರ್ ಬಗ್ಗೆ ಇಷ್ಟು: ರಕ್ತಹೀನತೆ ಇದ್ದರೆ ತಾನಾಗಿಯೇ ಏರುತ್ತದೆ, ಕೊಳವೆ ಸ್ವಲ್ಪ ವಾಲಿದರೂ ಏರುತ್ತದೆ, ಕೋಣೆ ಬಿಸಿಯಾದರೂ ಏರುತ್ತದೆ. ಹಿಮೋಗ್ಲೋಬಿನ್ 8 ಇರುವ ಹೆಣ್ಣುಮಗಳ ರಕ್ತವನ್ನು ಮೇ ತಿಂಗಳ ಮಧ್ಯಾಹ್ನ ಎಸಿ ಇಲ್ಲದ ಲ್ಯಾಬಿನಲ್ಲಿ ಇಟ್ಟು 70 ಬಂತು ಎಂದು ಟಿಬಿ ಅನುಮಾನಿಸುವುದು ಬೇಡ.

ಟಿಬಿಗೆ ಕಫ ಬೇಕು

ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಹೇಳುವ ತಪಾಸಣೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಬೇಡವೆಂದಿತು, ಭಾರತ ಸರ್ಕಾರ 2012ರ ಜೂನ್‌ನಲ್ಲಿ ಅವುಗಳ ಆಮದು, ತಯಾರಿಕೆ, ಮಾರಾಟವನ್ನೇ ನಿಷೇಧಿಸಿತು. 'ಟಿಬಿ ಐಜಿಜಿ, ಐಜಿಎಂ' ಎಂದು ರಿಪೋರ್ಟು ಹಿಡಿದು ಯಾರಾದರೂ ಬಂದರೆ ಅದನ್ನು ಬದಿಗಿಟ್ಟು ಕಫ ಕೇಳಿ, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನಾಟ್ ಅಥವಾ ಟ್ರೂನ್ಯಾಟ್‌ಗೆ ಕಳಿಸಿ. ಕಫ ಎಂದರೆ ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆದದ್ದು. ಉಗುಳಿಗೆ ಉಗುಳಿನದೇ ಉತ್ತರ ಬರುತ್ತದೆ.

ಇಗ್ರಾ ಎಂಬ ರಕ್ತ ತಪಾಸಣೆ ನಿಷೇಧಿತವಲ್ಲ, ಅದರ ಕೆಲಸ ಬೇರೆ. ದೇಹ ಟಿಬಿ ರೋಗಾಣುವನ್ನು ಕಂಡಿದೆಯೇ ಎಂದಷ್ಟೇ ಅದು ಹೇಳುತ್ತದೆ. ಈಗ ರೋಗ ಇದೆಯೇ ಎಂದು ಹೇಳುವುದಿಲ್ಲ. ಟಿಬಿ ರೋಗಿಯ ಮನೆಯವರಿಗೆ ಮುಂಜಾಗ್ರತೆ ಮಾತ್ರೆ ಕೊಡುವ ಮುಂಚೆ, ಸಿಲಿಕೋಸಿಸ್ (ಕಲ್ಲಿನ ಧೂಳಿನ ಶ್ವಾಸಕೋಶ ಕಾಯಿಲೆ) ಇರುವವರಿಗೆ, ಇದು ಉಪಯೋಗ. ಇಗ್ರಾದ ಒಂದು ಬಗೆಯಾದ ಕ್ವಾಂಟಿಫೆರಾನ್ ಪ್ಲಸ್ ಆದರೆ ನಾಲ್ಕು ಟ್ಯೂಬು: ಬೂದು, ಹಸಿರು, ಹಳದಿ, ನೇರಳೆ. ಪ್ರತಿಯೊಂದಕ್ಕೂ 1 ಮಿ.ಲೀ., ಕಪ್ಪು ಗುರುತಿನವರೆಗೆ. ಟ್ಯೂಬಿನ ಒಳಗೋಡೆಗೆ ಲೇಪಿಸಿದ ಆಂಟಿಜೆನ್ ರಕ್ತದಲ್ಲಿ ಕರಗುವಂತೆ ಹತ್ತು ಸಲ ಅಲುಗಾಡಿಸಬೇಕು. ಸಿಬಿಸಿ ಟ್ಯೂಬಿನಂತೆ ಮೆಲ್ಲಗೆ ಹೊರಳಿಸಿದರೆ ಸಾಲದು. 16 ತಾಸಿನೊಳಗೆ 37 ಡಿಗ್ರಿಯ ಇನ್‌ಕ್ಯುಬೇಟರಿಗೆ ಹಾಕಿ 16ರಿಂದ 24 ತಾಸು ಇಡಬೇಕು. ಅಲ್ಲಿಯವರೆಗೆ ಫ್ರಿಜ್ಜಿನಲ್ಲೂ ಇಡಬಾರದು, ಬಿಸಿಲಲ್ಲೂ ಇಡಬಾರದು. ನಮ್ಮ ಕಡೆ ಕೆಡುವುದು ಇಲ್ಲಿಯೇ. ಏಪ್ರಿಲ್‌ನಲ್ಲಿ ತಾಲೂಕಿನಿಂದ ಕಲಬುರಗಿಗೆ ಬಸ್ಸಿನ ಡಿಕ್ಕಿಯಲ್ಲಿ ಬಂದ ಡಬ್ಬಿಯೊಳಗೆ ಲಿಂಫೊಸೈಟುಗಳು ಸತ್ತಿರುತ್ತವೆ. ಆಗ ನೇರಳೆ ಟ್ಯೂಬು, ಅಂದರೆ ಕಣಗಳು ಜೀವಂತ ಇವೆಯೇ ಎಂದು ನೋಡುವ ಟ್ಯೂಬು, ಏನೂ ಉತ್ತರ ಕೊಡುವುದಿಲ್ಲ. ರಿಪೋರ್ಟು 'ಇಂಡಿಟರ್ಮಿನೇಟ್' ಎಂದು ಬರುತ್ತದೆ. ಅದನ್ನು ನೆಗೆಟಿವ್ ಎಂದು ಓದಬಾರದು. ಇನ್ನು ಪಾಸಿಟಿವ್-ನೆಗೆಟಿವ್ ಬೇರ್ಪಡಿಸುವ 0.35ರ ಗೆರೆಯ ಆಚೀಚೆ, 0.2ರಿಂದ 0.7ರ ನಡುವೆ ಬಂದ ಸಂಖ್ಯೆ ಮರುತಪಾಸಣೆಯಲ್ಲಿ ಮಗುಚುವುದು ಸಾಮಾನ್ಯ. ಬೆರಳ ತುದಿಯ ರಕ್ತದಲ್ಲಿ ಮೂರು ಜೀನ್‌ಗಳ ಚಟುವಟಿಕೆ ನೋಡಿ ಟಿಬಿ ಅಂದಾಜಿಸುವ ತಪಾಸಣೆಯ ಮೇಲೆ ಸಂಶೋಧನೆ ನಡೆದಿದೆ, ನಮ್ಮ ತಾಲೂಕು ಮಟ್ಟದ ದಿನನಿತ್ಯದ ಬಳಕೆಗೆ ಅದು ಬಂದಿಲ್ಲ.

ಹಳೇ ಟಿಬಿಯವರು ಮತ್ತೆ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಕೆ ಎಂದು ಬಂದರೆ ಮತ್ತೆ ಟಿಬಿ ಎಂದೇ ಮನಸ್ಸು ಹೋಗುತ್ತದೆ. ಕಫ ಮತ್ತೆಮತ್ತೆ ನೆಗೆಟಿವ್ ಬಂದರೆ ನಿಲ್ಲಿ. ಟಿಬಿ ಬಿಟ್ಟುಹೋದ ಕುಹರದಲ್ಲಿ ಆಸ್ಪರ್ಜಿಲಸ್ ಬೂಷ್ಟು ಬೆಳೆದಿರಬಹುದು. ಹುಲ್ಲಿನ ಬಣವೆ, ಹಸಿಯಾಗಿ ಕಟ್ಟಿಟ್ಟ ಕಾಳು, ತಿಪ್ಪೆ, ಇವೆಲ್ಲ ಅದರ ಮನೆ. ಇಲ್ಲಿ ಉಪಯೋಗಕ್ಕೆ ಬರುವ ರಕ್ತ ತಪಾಸಣೆ ಆಸ್ಪರ್ಜಿಲಸ್ ಐಜಿಜಿ (ಆ ಬೂಷ್ಟಿನ ವಿರುದ್ಧದ ಪ್ರತಿಕಾಯ). ಮೂರು ತಿಂಗಳು ಮೀರಿದ ತೊಂದರೆ, ಸ್ಕ್ಯಾನಿನಲ್ಲಿ ಕುಹರ, ಐಜಿಜಿ ಹೆಚ್ಚು, ಕಫದಲ್ಲಿ ಟಿಬಿ ಇಲ್ಲ ಎಂದಾದರೆ ಚಿಕಿತ್ಸೆ ಇಟ್ರಾಕೊನಜೋಲ್, ಕನಿಷ್ಠ ಆರು ತಿಂಗಳು. ಇದರೊಟ್ಟಿಗೆ "ಇರಲಿ" ಎಂದು ಟಿಬಿ ಮಾತ್ರೆಯನ್ನೂ ಕೊಟ್ಟರೆ ರಿಫಾಂಪಿಸಿನ್ ಯಕೃತ್ತನ್ನು ಚುರುಕುಮಾಡಿ ಇಟ್ರಾಕೊನಜೋಲನ್ನು ರಕ್ತದಲ್ಲಿ ನಿಲ್ಲಗೊಡುವುದಿಲ್ಲ. ಎರಡೂ ಮಾತ್ರೆ ನುಂಗಿದರೂ ಬೂಷ್ಟಿಗೆ ಚಿಕಿತ್ಸೆಯೇ ಸಿಗದಂತಾಗುತ್ತದೆ.

ಕಲ್ಲಿನ ಧೂಳು

ಎಲ್ಲ ಕಲ್ಲೂ ಒಂದೇ ಅಲ್ಲ. ಶಹಾಬಾದ್ ಫರ್ಶಿ ಸುಣ್ಣಕಲ್ಲು, ಹೆಚ್ಚಿನ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಸಿಲಿಕಾ ಕಡಿಮೆ. ಗ್ರಾನೈಟಿನಲ್ಲಿ ಕ್ವಾರ್ಟ್ಜ್ ಐದನೇ ಒಂದು ಭಾಗಕ್ಕಿಂತ ಹೆಚ್ಚಿರುತ್ತದೆ. ಸಿಲಿಕೋಸಿಸ್ ತರುವುದು ಆ ಕ್ವಾರ್ಟ್ಜ್. ಫರ್ಶಿಯಲ್ಲಿ ಕಡಿಮೆ ಎಂದು ಪಾಲಿಶ್ ಮಾಡುವವರು ನಿಶ್ಚಿಂತೆಯಿಂದ ಇರಬೇಕಾಗಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಒಣ ಕಟರ್ ಓಡಿಸಿದರೆ ಕಡಿಮೆ ಪಾಲೂ ದೊಡ್ಡದಾಗುತ್ತದೆ. ಬ್ಲೇಡಿಗೆ ನೀರು ಬಿಟ್ಟು ಕೊಯ್ದರೆ ಹಾರುವ ಧೂಳು ಬಹಳಷ್ಟು ತಗ್ಗುತ್ತದೆ. ಮುಖಕ್ಕೆ ಸುತ್ತಿದ ದಸ್ತಿ, ಟವೆಲ್ ಕಣ್ಣಿಗೆ ಕಾಣುವ ಧೂಳನ್ನು ತಡೆಯುತ್ತದೆ. ಶ್ವಾಸಕೋಶದ ತಳ ಮುಟ್ಟುವ ಕಣ ಐದು ಮೈಕ್ರಾನಿಗಿಂತ ಸಣ್ಣದು, ಅದು ಬಟ್ಟೆಯ ಎಳೆಗಳ ನಡುವೆ ನುಸುಳುತ್ತದೆ. ಎನ್-95 ಬೇಕು, ಗಡ್ಡ ಇದ್ದರೆ ಅದೂ ಮುಖಕ್ಕೆ ಅಂಟಿ ಕೂರುವುದಿಲ್ಲ.

ರಕ್ತದಲ್ಲಿ ಇದಕ್ಕೆ ಸೂಚಕ ಇದೆಯೇ? ಶ್ವಾಸನಾಳದ ಕ್ಲಬ್ ಕೋಶಗಳು ಸಿಸಿ-16 ಎಂಬ ಪ್ರೋಟೀನ್ ಮಾಡುತ್ತವೆ, ಸಿಲಿಕಾ ಆ ಕೋಶಗಳನ್ನು ಕೊಂದಂತೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಎಕ್ಸ್‌ರೇಯಲ್ಲಿ ಕಲೆ ಕಾಣುವ ಮುಂಚೆಯೇ ಹಿಡಿಯಲು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದರ ಮೇಲೆ ಕಿಟ್ ಅಭಿವೃದ್ಧಿಪಡಿಸಿದೆ. ಓದುವಾಗ ನೆನಪಿಡಬೇಕಾದ್ದು: ಬೀಡಿ ಸೇದುವವರಲ್ಲೂ ಸಿಸಿ-16 ಇಳಿಯುತ್ತದೆ, ಕಿಡ್ನಿ ಕೆಟ್ಟವರಲ್ಲಿ ಏರುತ್ತದೆ. ಹಾಗಾಗಿ ಬೀಡಿಯ ಲೆಕ್ಕ ಮತ್ತು ಕಿಡ್ನಿ ನೋಡುವ ಕ್ರಿಯಾಟಿನಿನ್ ಪಕ್ಕದಲ್ಲಿ ಇಲ್ಲದ ಸಿಸಿ-16 ಅರ್ಧ ಮಾತು. ಸಿಲಿಕಾ ಹೊಕ್ಕ ಶ್ವಾಸಕೋಶದಲ್ಲಿ ಟಿಬಿ ತಡೆಯುವ ಕೋಶಗಳೇ ಸೋತಿರುತ್ತವೆ, ಕೆಲಸ ಬಿಟ್ಟ ಮೇಲೂ ಆ ಅಪಾಯ ಉಳಿಯುತ್ತದೆ. ಸಿಲಿಕೋಸಿಸ್ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಕೆಲಸದ ಚರಿತ್ರೆ ಚೀಟಿಯಲ್ಲಿ ಇಲ್ಲದಿದ್ದರೆ ಕೆಲಸಗಾರನ ಪರಿಹಾರದ ಹಕ್ಕೂ ಅಲ್ಲಿಗೇ ಮುಗಿಯಿತು.

ಕೂಲರ್ ಮತ್ತು ಪಾರಿವಾಳ

ಭಾರತದ 19 ನಗರಗಳ 1,084 ರೋಗಿಗಳನ್ನು ದಾಖಲಿಸಿದ, 2017ರಲ್ಲಿ ಪ್ರಕಟವಾದ ಐಎಲ್‌ಡಿ ನೋಂದಣಿ ನಮ್ಮ ಕಡೆಯವರು ಗಮನಿಸಬೇಕಾದ ಕೆಲಸ. ಶ್ವಾಸಕೋಶ ಗಟ್ಟಿಯಾಗುವ ಆ ಕಾಯಿಲೆಗಳಲ್ಲಿ ಶೇ 47ರಷ್ಟು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಅಂದರೆ ಉಸಿರಾಡಿದ ಬೂಷ್ಟು, ಹಕ್ಕಿ ಹಿಕ್ಕೆಗೆ ದೇಹ ಕೆರಳಿ ಆಗುವಂಥದ್ದು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಏರ್ ಕೂಲರ್ ಒಡನಾಟ ಇತ್ತು. ಮಾರ್ಚ್‌ನಿಂದ ಜೂನ್‌ವರೆಗೆ ಕೂಲರ್ ಇಲ್ಲದೆ ಕಲಬುರಗಿಯಲ್ಲಿ ನಿದ್ದೆ ಬರುವುದಿಲ್ಲ. ಕಳೆದ ಬೇಸಿಗೆಯ ಪ್ಯಾಡು ಹಾಗೇ ಇರುತ್ತದೆ, ಟ್ಯಾಂಕಿನ ತಳದಲ್ಲಿ ಪಾಚಿ, ಮೇಲೆ ನೀರು ತುಂಬಿ ಸ್ವಿಚ್ ಹಾಕಿದರೆ ಆ ಬೂಷ್ಟೆಲ್ಲ ಮಂಚದ ಮೇಲೆ.

ಒಡನಾಟವಾದ 4ರಿಂದ 8 ತಾಸಿಗೆ ಜ್ವರ, ಒಣ ಕೆಮ್ಮು, ದಮ್ಮು. ಬೇರೆ ಊರಿಗೆ ಹೋದರೆ ಕಡಿಮೆ, ಬಂದರೆ ಮತ್ತೆ. "ತವರಿಗೆ ಹ್ವಾದ್ರ ಆರಾಮ ಆಗ್ತೈತಿ" ಎಂದು ರೋಗಿ ಹೇಳಿದರೆ ಕಿವಿಗೊಟ್ಟು ಕೇಳಿ, ರೋಗನಿರ್ಣಯ ಆ ಮಾತಿನಲ್ಲೇ ಇದೆ. ವರ್ಷಗಟ್ಟಲೆ ನಡೆದರೆ ಈ ಏರಿಳಿತ ಅಳಿಸಿಹೋಗಿ ಮೆಟ್ಟಿಲು ಹತ್ತಲಾಗದ ದಮ್ಮು ಮಾತ್ರ ಉಳಿಯುತ್ತದೆ. ಪಾರಿವಾಳ ಅಥವಾ ಬೂಷ್ಟಿನ ಐಜಿಜಿ ರಕ್ತ ತಪಾಸಣೆ ಸಿಗುತ್ತದೆ. ಅದು ಒಡನಾಟಕ್ಕೆ ಸಾಕ್ಷಿ, ರೋಗಕ್ಕಲ್ಲ. ಮಾಳಿಗೆಯ ಮೇಲೆ ಪಾರಿವಾಳ ಸಾಕಿ ಆರೋಗ್ಯವಾಗಿರುವವರಲ್ಲೂ ಅದು ಪಾಸಿಟಿವ್ ಬರುತ್ತದೆ. ಕೆಎಲ್-6 ಎಂಬ ಇನ್ನೊಂದು ಸೂಚಕ ಶ್ವಾಸಕೋಶದ ಒಳಪದರ ಗಾಯಗೊಂಡಿದೆ ಎನ್ನುತ್ತದೆ, ಯಾವುದರಿಂದ ಎಂದು ಹೇಳುವುದಿಲ್ಲ. ಸ್ಕ್ಯಾನು ಮತ್ತು ಮನೆಯ ಚರಿತ್ರೆ ಎರಡೂ ಬೇಕೇಬೇಕು.

ಕೂಲರಿಗೆ ಮಾಡಬೇಕಾದ್ದು ಇಷ್ಟು. ಬೇಸಿಗೆ ಶುರುವಿನಲ್ಲಿ ಪ್ಯಾಡು ಹೊಸದು ಹಾಕಿ. ವಾರಕ್ಕೊಮ್ಮೆ ಪ್ಲಗ್ ತೆಗೆದು, ನೀರು ಪೂರ್ತಿ ಚೆಲ್ಲಿ, ಟ್ಯಾಂಕು ಉಜ್ಜಿ, ಬಿಸಿಲಿಗೆ ಒಣಗಿಸಿ. ಡೆಂಗಿ ಸೊಳ್ಳೆಗೂ ಅದೇ ಮದ್ದು. ಉಜ್ಜಲು 5 ಲೀಟರ್ ನೀರಿಗೆ ಶೇ 5ರ ಹೈಪೊಕ್ಲೋರೈಟ್ 100 ಮಿ.ಲೀ. ಸಾಕು, 10 ನಿಮಿಷ ಬಿಟ್ಟು ಎರಡು ಸಲ ತೊಳೆಯಿರಿ. ಅದಕ್ಕೆ ಪಾಯಖಾನೆಯ ಆಸಿಡ್ ಬೆರೆಸಬಾರದು, ಕ್ಲೋರಿನ್ ಅನಿಲ ಏಳುತ್ತದೆ. ರೋಗ ಇದೆ ಎಂದು ಗಟ್ಟಿಯಾದವರು ಸ್ವತಃ ತೊಳೆಯುವುದೂ ಬೇಡ. ಕೂಲರ್ ಮನೆಯಿಂದ ಹೊರಹೋಗಬೇಕು.

ಸಭಿಕರ ಪ್ರಶ್ನೆಗಳಿಂದ

ಒಬ್ಬ ಆಶಾ ಕಾರ್ಯಕರ್ತೆ ಕೇಳಿದ್ದು: ಒಲೆಯ ಹೊಗೆಯಿಂದ ತಲೆಸುತ್ತಿ ಬಿದ್ದವರಿಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೆ ನಂಬಬಹುದೇ? ನಂಬಬಾರದು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡಾಗಲೂ ರಕ್ತ ಕೆಂಪಾಗಿಯೇ ಇರುತ್ತದೆ, ಸಾಮಾನ್ಯ ಆಕ್ಸಿಮೀಟರಿಗೆ ಆ ಕೆಂಪು ಮತ್ತು ಆಮ್ಲಜನಕದ ಕೆಂಪಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೂಡಲೇ ಹೊರಗೆ ಗಾಳಿಗೆ ತಂದು, ಆಮ್ಲಜನಕ ಕೊಟ್ಟು, ಆ ವ್ಯತ್ಯಾಸ ಹಿಡಿಯುವ ಕೊ-ಆಕ್ಸಿಮೀಟರ್ ಇರುವ ಆಸ್ಪತ್ರೆಗೆ ಕಳಿಸಿ. ಬರೀ ಗಾಳಿಯಲ್ಲಿ ರಕ್ತದ ಆ ಕಾರ್ಬನ್ ಮಾನಾಕ್ಸೈಡ್ ಅರ್ಧದಷ್ಟು ಇಳಿಯಲು 4ರಿಂದ 5 ತಾಸು ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ತಾಸಿನ ಆಸುಪಾಸು. ಆದ್ದರಿಂದ ಆಂಬುಲೆನ್ಸಿನಲ್ಲಿ ಆಮ್ಲಜನಕ ಶುರುಮಾಡುವ ಮುಂಚೆಯೇ ಸಾಧ್ಯವಾದರೆ ಒಂದು ಇಡಿಟಿಎ ಟ್ಯೂಬಿಗೆ ರಕ್ತ ತೆಗೆದು ಹೊತ್ತು ಬರೆದಿಡಿ. ರಕ್ತ ತೆಗೆಯಲು ತಡವಾಗುವಂತಿದ್ದರೆ ಆಮ್ಲಜನಕವೇ ಮೊದಲು.

ಇನ್ನೊಬ್ಬರು, ಲ್ಯಾಬಿನವರು: ಚೀಟಿಯ ಮೇಲೆ ನಮಗೆ ನಿಜವಾಗಿ ಬೇಕಾದ್ದು ಏನು? ರಕ್ತ ತೆಗೆದ ಹೊತ್ತು; ಎರಡು ವಾರದೊಳಗಿನ ಸ್ಟೀರಾಯ್ಡ್ ಮತ್ತು ಆಂಟಿಬಯೋಟಿಕ್; ಹುಳದ ಮಾತ್ರೆ ನುಂಗಿದ ತಿಂಗಳು; ಒಲೆಯ ತಾಸು-ವರ್ಷದ ಗುಣಾಕಾರ; ಬೀಡಿ; ಊರಲ್ಲಿನ ಕೆಲಸ, ಗುಳೆಯಲ್ಲಿನ ಕೆಲಸ; ಮನೆಯಲ್ಲಿ ಕೂಲರ್, ಪಾರಿವಾಳ ಇದೆಯೇ; ಹಿಂದೆ ಟಿಬಿ ಆಗಿತ್ತೇ, ಯಾವ ವರ್ಷ. ಬರೆಯಲು ನಾಲ್ಕು ನಿಮಿಷ ಸಾಕು, ಚೀಟಿಯ ಹಿಂಬದಿಯಲ್ಲಿ ಜಾಗ ಇದೆ.